ನಡಿಗೆಯ ಅಳತೆಯ ನಗರ: ಜೇನ್ ಜೇಕಬ್ಸ್‌ರ ಗ್ರಂಥವೂ ಮಾಟುಂಗೆಯ ಬೀದಿಯೂ

೧

ಕನ್ನಡ ಕವಿಗಳಿಗೆ ನಗರವು ಹೊಸ ವಿಷಯವಲ್ಲ. ಮಹಾಕಾವ್ಯದಲ್ಲಿ ಇರತಕ್ಕವೆಂದು ಲಾಕ್ಷಣಿಕರು ಹೇಳಿದ ಅಷ್ಟಾದಶ ವರ್ಣನೆಗಳಲ್ಲಿ ನಗರವರ್ಣನೆಯೂ ಒಂದು. ಕೋಟೆ, ಕಂದಕ, ಉಪ್ಪರಿಗೆ, ಅಂಗಡಿಬೀದಿ, ಹೂವಿನ ಸಂತೆ ಇವೆಲ್ಲ ನಮ್ಮ ಚಂಪೂಕಾವ್ಯಗಳಲ್ಲಿ ಬಗೆಬಗೆಯಾಗಿ ಬಂದಿವೆ. ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ದ್ವಾರಾವತಿಯ ಸೂಳೆಗೇರಿಯಲ್ಲಿ ನಡೆದುಹೋಗುವ ಭಾಗವನ್ನು ಮರೆತ ರಸಿಕರಿಲ್ಲ. ಆದರೆ ಅಲ್ಲಿಯೂ ಬೀದಿಯನ್ನು ನೋಡುವ ಕಣ್ಣು ನಾಯಕನದು; ನೋಡುವ ಹೊತ್ತು ಒಂದೇ ಒಂದು ಇರುಳು. ನಿತ್ಯವೂ ಅದೇ ಬೀದಿಯಲ್ಲಿ ಕೊತ್ತಂಬರಿ ಸೊಪ್ಪಿಗೆಂದು ಹೋಗಿಬರುವವಳ ಕಣ್ಣಿಗೆ ನಗರವು ಹೇಗೆ ಕಾಣುತ್ತದೆಂಬುದನ್ನು ಹೇಳುವ ಅಗತ್ಯ ಆ ಕಾವ್ಯಧರ್ಮಕ್ಕೆ ಇರಲಿಲ್ಲ.

ನಗರಶಾಸ್ತ್ರವೆಂಬ ಆಧುನಿಕ ವಿದ್ಯೆಯೂ ಬಹುಕಾಲ ಇದೇ ಎತ್ತರದ ನೋಟವನ್ನು ಉಳಿಸಿಕೊಂಡಿತು. ಉಪ್ಪರಿಗೆಯ ಸ್ಥಾನಕ್ಕೆ ನಕ್ಷೆಯ ಮೇಜು ಬಂದಿತು, ಅಷ್ಟೆ. ಈ ನೋಟವನ್ನು ನೆಲಕ್ಕೆ ಇಳಿಸಿದ ಕೀರ್ತಿ ಜೇನ್ ಜೇಕಬ್ಸ್‌ರಿಗೆ ಸಲ್ಲತಕ್ಕದ್ದು. ೧೯೬೧ರಲ್ಲಿ ಪ್ರಕಟವಾದ ಅವರ 'ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' ಎಂಬ ಗ್ರಂಥವು ಅರವತ್ತು ವರ್ಷಗಳಿಗೂ ಮಿಕ್ಕಿ ನಗರವಿಚಾರದ ಆಕರವಾಗಿ ನಿಂತಿದೆ. ೨೦೧೬ರಿಂದೀಚೆಗೆ ಕಾರ್ಲೋಸ್ ಮೊರೆನೊ ಅವರು ಪ್ರತಿಪಾದಿಸಿರುವ, ನಿತ್ಯದ ಅಗತ್ಯಗಳೆಲ್ಲ ಹದಿನೈದು ನಿಮಿಷದ ನಡಿಗೆಯಲ್ಲಿ ಅಥವಾ ಸೈಕಲ್ ದಾರಿಯಲ್ಲಿ ದೊರೆಯಬೇಕೆಂಬ ಸೂತ್ರವೂ ಈ ಗ್ರಂಥಕ್ಕೆ ಋಣಿಯಾಗಿದೆ. ಹೊರನಾಡ ಕನ್ನಡಿಗರಿಗೆ ಈ ವಿಚಾರವು ದೂರದ್ದಲ್ಲ. ಮುಂಬಯಿಯ ಮಾಟುಂಗೆಯಂತಹ ನೆರೆಹೊರೆಯಲ್ಲಿ ಅವರು ಹಲವು ತಲೆಮಾರು ಅದನ್ನೇ ಬಾಳಿದ್ದಾರೆ. ಆದುದರಿಂದ ಗ್ರಂಥದ ತತ್ತ್ವಗಳನ್ನು ಆ ಬೀದಿಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತವಾಗಿದೆ. ಗ್ರಂಥಕರ್ತೆಯೂ ಇದಕ್ಕೆ ಒಪ್ಪಿಗೆ ಕೊಟ್ಟಂತೆಯೇ ಇದೆ: ಪುಸ್ತಕದಲ್ಲಿ ಒಂದು ಚಿತ್ರವನ್ನೂ ಹಾಕದೆ, ವಾಚಕರು ತಮ್ಮ ಸುತ್ತಲಿನ ನಗರವನ್ನೇ ಚಿತ್ರವೆಂದು ನೋಡಿಕೊಳ್ಳಬೇಕೆಂದು ಅವರು ಸೂಚಿಸಿದ್ದಾರೆ.

೨

ಶ್ರೀಮತಿ ಜೇಕಬ್ಸ್ ನಗರಯೋಜನೆಯಲ್ಲಿ ಪದವಿ ಪಡೆದವರಲ್ಲ. ವಾಸ್ತುಶಿಲ್ಪದ ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದ ಲೇಖಕಿ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಭಾಗದ ಹಡ್ಸನ್ ಬೀದಿಯಲ್ಲಿ ಅವರ ವಾಸ. ಬೆಳಗಿನಿಂದ ನಡುರಾತ್ರಿಯವರೆಗೆ ತಮ್ಮ ಮನೆಯ ಮುಂದಿನ ಫುಟ್‌ಪಾತಿನಲ್ಲಿ ನಡೆಯುವ ವ್ಯವಹಾರವನ್ನು ಅವರು ನೃತ್ಯನಾಟಕವೊಂದಕ್ಕೆ ಹೋಲಿಸಿ ವರ್ಣಿಸಿದ್ದಾರೆ. ಅಂಗಡಿಯವರು ಬಾಗಿಲು ತೆಗೆಯುವುದು, ಮಕ್ಕಳು ಶಾಲೆಗೆ ಹೊರಡುವುದು, ನಡುಹಗಲಿನಲ್ಲಿ ಕಾರ್ಮಿಕರು ಊಟಕ್ಕೆ ಬರುವುದು, ರಾತ್ರಿ ಪಾನಗೃಹದಿಂದ ಜನ ಹೊರಬರುವುದು ಇವೆಲ್ಲ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಜನರನ್ನು ಬೀದಿಗೆ ತರುತ್ತವೆ. ಜನರಿರುವಲ್ಲಿ ಕಣ್ಣುಗಳಿವೆ, ಕಣ್ಣುಗಳಿರುವಲ್ಲಿ ಕ್ಷೇಮವಿದೆ. ಪೋಲೀಸರ ಕಾವಲಿಗಿಂತ ಈ ಅರಿಯದ ಕಾವಲು ಬಲವಾದದ್ದು ಎಂಬುದು ಅವರ ಮೊದಲ ಸಿದ್ಧಾಂತ.

ಇಂತಹ ಬೀದಿ ಉಂಟಾಗಬೇಕಾದರೆ ನಾಲ್ಕು ಕಾರಣಗಳು ಒಟ್ಟಿಗೆ ಕೂಡಬೇಕು. ಒಂದೇ ಪ್ರದೇಶದಲ್ಲಿ ವಾಸ, ಕೆಲಸ, ವಿನೋದ ಮುಂತಾದ ಒಂದಕ್ಕಿಂತ ಹೆಚ್ಚು ಮುಖ್ಯ ಉಪಯೋಗಗಳಿರಬೇಕು. ಬೀದಿಯ ಸಾಲುಗಳು ಚಿಕ್ಕವಾಗಿದ್ದು ಮೂಲೆ ತಿರುಗುವ ಅವಕಾಶಗಳು ಹೇರಳವಾಗಿರಬೇಕು. ಹಳೆಯ, ಹೊಸ ಕಟ್ಟಡಗಳು ಬೆರೆತಿರಬೇಕು. ಜನವಸತಿ ದಟ್ಟವಾಗಿರಬೇಕು. ಈ ನಾಲ್ಕರಲ್ಲಿ ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಹಳೆಯ ಕಟ್ಟಡವನ್ನು ಶ್ರೀಮತಿ ಜೇಕಬ್ಸ್ ಹೊಗಳುವುದು ಅದರ ಸೌಂದರ್ಯಕ್ಕಾಗಿ ಅಲ್ಲ, ಅದರ ಬಾಡಿಗೆಗಾಗಿ. ಸಾಲ ಮಾಡಿ ಕಟ್ಟಿದ ಹೊಸ ಮಳಿಗೆಯಲ್ಲಿ ಬಂಡವಾಳದ ಬಡ್ಡಿಯನ್ನು ತೆರಬಲ್ಲ ವ್ಯಾಪಾರ ಮಾತ್ರ ನಿಲ್ಲುತ್ತದೆ. ಕಟ್ಟಿದ ಸಾಲ ತೀರಿಹೋದ ಕಟ್ಟಡದಲ್ಲಿ ಚಮ್ಮಾರನೂ ಪುಸ್ತಕದಂಗಡಿಯವನೂ ಹೊಸ ಸಾಹಸಕ್ಕೆ ಕೈಹಾಕುವ ತರುಣನೂ ಬದುಕಬಹುದು. ಬೀದಿಯ ಚೆಲುವಿನ ಹಿಂದೆ ಲೆಕ್ಕದ ಪುಸ್ತಕವೊಂದಿದೆಯೆಂದು ಕಂಡುಕೊಂಡದ್ದೇ ಈ ಗ್ರಂಥದ ಹೆಚ್ಚಳ.

ಇನ್ನೊಂದು ಗುಣವನ್ನೂ ಹೇಳಬೇಕು. ಹಡ್ಸನ್ ಬೀದಿಯ ನಿವಾಸಿಗಳು ಊರಿಗೆ ಹೋಗುವಾಗ ಮನೆಯ ಬೀಗದಕೈಯನ್ನು ಅಂಗಡಿಯವನಲ್ಲಿ ಬಿಟ್ಟುಹೋಗುತ್ತಾರೆ. ಅವನು ಅವರ ನೆಂಟನಲ್ಲ. ಅವರ ಮನೆಯ ಗುಟ್ಟು ಅವನಿಗೆ ಬೇಡ. ಸಲಿಗೆಯಿಲ್ಲದ ವಿಶ್ವಾಸವೆಂಬ ಈ ವಸ್ತುವನ್ನು ಬೀದಿಯೊಂದೇ ಕೊಡಬಲ್ಲದೆಂದು ಅವರು ತೋರಿಸಿಕೊಟ್ಟಿರುವ ಭಾಗವು ಗ್ರಂಥದ ಉತ್ತಮಾಂಶಗಳಲ್ಲಿ ಒಂದಾಗಿದೆ.

೩

ಮಾಟುಂಗೆಯ ಹುಟ್ಟು ಒಂದು ಮಹಾಮಾರಿಯಲ್ಲಿದೆ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಚಾಳುಗಳ ಊರನ್ನು ತಿದ್ದುವುದಕ್ಕೆಂದು ೧೮೯೮ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿತವಾಯಿತು. ದ್ವೀಪದ ಉತ್ತರಭಾಗದ ಗದ್ದೆ ತೋಟಗಳ ನೆಲವನ್ನು ಅದು ವಶಕ್ಕೆ ತೆಗೆದುಕೊಂಡು ದಾದರ-ಮಾಟುಂಗಾ ಯೋಜನೆಯನ್ನು ರೂಪಿಸಿತು. ಅಗಲವಾದ ರಸ್ತೆಗಳು, ಸಾಲುಮರಗಳು, ಐದು ಉದ್ಯಾನಗಳು, ಶಾಲೆಗಳಿಗೆ ಬಯಲು ಇವೆಲ್ಲ ನಕ್ಷೆಯಲ್ಲಿಯೇ ಇದ್ದವು. ಒಂದು ಮಹಾಯುದ್ಧ ಮುಗಿದು ಇನ್ನೊಂದು ಬರುವಷ್ಟರಲ್ಲಿ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳೆದ್ದು, ಫೋರ್ಟಿನ ಕಚೇರಿಗಳಲ್ಲಿ ಗುಮಾಸ್ತಿಕೆಗೆಂದು ಬಂದ ದಕ್ಷಿಣದವರು ಅಲ್ಲಿ ನೆಲೆಸಿದರು. ಈ ಚರಿತ್ರೆಯನ್ನು ನಿಖಿಲ್ ರಾವ್ ಅವರು ೨೦೧೩ರ ತಮ್ಮ 'ಹೌಸ್, ಬಟ್ ನೋ ಗಾರ್ಡನ್' ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಚಾಳಿನ ಸಾಮಾನ್ಯ ಶೌಚಾಲಯವು ಮನೆಯೊಳಕ್ಕೆ ಬಂದು ಫ್ಲ್ಯಾಟು ಎಂಬ ಹೊಸ ವಾಸರೂಪ ನೆಲೆಗೊಂಡದ್ದು, ಮಡಿಮೈಲಿಗೆಯ ಕಲ್ಪನೆಗಳು ಅದರೊಡನೆ ಹೊಂದಿಕೊಂಡದ್ದು ಇವುಗಳ ಅವರ ವಿವೇಚನೆ ಬೆಲೆಯುಳ್ಳದ್ದಾಗಿದೆ.

ಈ ನೆರೆಹೊರೆಯ ಒಂದು ದಿನವನ್ನು ನಡೆದು ನೋಡಬಹುದು. ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದಿಂದ ಪೂರ್ವಕ್ಕೆ ಇಳಿದವರಿಗೆ ಮೊದಲು ಎದುರಾಗುವುದು ಹೂವು. ದಾರದಲ್ಲಿ ಕಟ್ಟಿದ ಮಲ್ಲಿಗೆ, ತುಳಸಿಮಾಲೆ, ಬಾಳೆಯೆಲೆಯ ಸುರುಳಿ, ಮಾವಿನ ತೋರಣ. ಮುಂಬಯಿಯ ಯಾವ ಮೂಲೆಯಲ್ಲಿ ದಕ್ಷಿಣದವರ ಮದುವೆಯಾದರೂ ಎಲೆಗೂ ಹೂವಿಗೂ ಇಲ್ಲಿಗೇ ಬರುವ ವಾಡಿಕೆ ಇತ್ತು. ಅದು ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಸಮೀಪದಲ್ಲಿಯೇ ಎ. ರಾಮ ನಾಯಕರು ೧೯೪೨ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಮುಂದೆ ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಗಳು, ಹಪ್ಪಳ ಸಂಡಿಗೆಯವು, ತಾಮ್ರ ಹಿತ್ತಾಳೆಯ ಪಾತ್ರೆಯವು, ದೇವಾಲಯಗಳು, ಭಜನಾ ಸಮಾಜಗಳು. ಭಾವುದಾಜಿ ರಸ್ತೆಯಲ್ಲಿ, ೧೯೨೬ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಶನ್ನಿನ ಭವನ. ೧೯೩೨ರಲ್ಲಿ ಹುಟ್ಟಿದ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯ ಶಾಲೆ, ೧೯೩೭ರ ರುಯಿಯಾ ಕಾಲೇಜು, ತಂತ್ರವಿದ್ಯಾಲಯಗಳು, ಉದ್ಯಾನಗಳು ಇವೆಲ್ಲವೂ ಕಾಲು ಗಂಟೆಯಿಂದ ಅರ್ಧ ಗಂಟೆಯ ನಡಿಗೆಯ ಒಳಗೆ. ನಸುಕಿನಲ್ಲಿ ಹಾಲಿನವರು ಮತ್ತು ದೇವಾಲಯಕ್ಕೆ ಹೋಗುವ ಮುದುಕರು; ಎಂಟರ ಹೊತ್ತಿಗೆ ಇಡ್ಲಿಗೆ ಕಾಯುವ ಕಾಲೇಜು ಹುಡುಗರು; ಹತ್ತರ ಮೇಲೆ ತರಕಾರಿ ಆರಿಸುವ ಗೃಹಿಣಿಯರು; ಸಂಜೆ ಉದ್ಯಾನದ ಸುತ್ತ ನಡೆಯುವವರು; ರಾತ್ರಿ ಸಂಗೀತ ಕಚೇರಿಯೋ ಯಕ್ಷಗಾನವೋ ಮುಗಿಸಿ ಮನೆಗೆ ಹಿಂದಿರುಗುವವರು. ಹಡ್ಸನ್ ಬೀದಿಯ ನೃತ್ಯಕ್ಕೆ ಇದು ತಾಳದಲ್ಲಿ ಬೇರೆ, ಲಯದಲ್ಲಿ ಒಂದೇ.

ಆದರೆ ಇಲ್ಲಿಯೇ ಸಿದ್ಧಾಂತಕ್ಕೆ ಮೊದಲ ತೊಡಕು ಎದುರಾಗುತ್ತದೆ. ಯೋಜಕರ ನಕ್ಷೆಯು ಬೀದಿಯ ಜೀವವನ್ನು ಕೊಲ್ಲುತ್ತದೆಂಬುದು ಶ್ರೀಮತಿ ಜೇಕಬ್ಸ್‌ರ ಪಕ್ಷ. ಮಾಟುಂಗೆಯಾದರೋ ಯೋಜಕರ ಕೈಯಿಂದಲೇ ಹುಟ್ಟಿದ್ದು. ಜೀವ ಹೇಗೆ ಉಳಿಯಿತು? ಟ್ರಸ್ಟು ರಸ್ತೆಯನ್ನೂ ನಿವೇಶನವನ್ನೂ ಕಟ್ಟಡದ ಎತ್ತರವನ್ನೂ ಗೊತ್ತುಮಾಡಿತೇ ಹೊರತು ಒಳಗಿನ ಬಾಳನ್ನಲ್ಲ. ಕಾಫಿ ಎಲ್ಲಿ ಹುರಿಯಬೇಕು, ಹೂವು ಎಲ್ಲಿ ಮಾರಬೇಕು ಎಂಬುದನ್ನು ಬಂದು ನೆಲೆಸಿದವರು ತಾವೇ ನಿಶ್ಚಯಿಸಿಕೊಂಡರು. ಆದುದರಿಂದ ದೋಷವಿರುವುದು ಯೋಜನೆಯಲ್ಲಿ ಅಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಯದ ಯೋಜನೆಯಲ್ಲಿ ಎಂದು ಸಿದ್ಧಾಂತವನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಇದೇ ಕಾರಣದಿಂದ ಪ್ಯಾಟ್ರಿಕ್ ಗೆಡ್ಡೀಸ್‌ರ ವಿಷಯದಲ್ಲಿ ಗ್ರಂಥವು ನ್ಯಾಯ ಸಲ್ಲಿಸಿಲ್ಲ. ಉದ್ಯಾನನಗರದ ಪ್ರವರ್ತಕ ಎಬನೀಜರ್ ಹೊವರ್ಡರ ಸಾಲಿನಲ್ಲಿಯೇ ಅವರನ್ನು ನಿಲ್ಲಿಸಿ, ನಗರವನ್ನು ಚೆದುರಿಸುವ ಪಂಥಕ್ಕೆ ಸೇರಿಸಲಾಗಿದೆ. ಗೆಡ್ಡೀಸ್ ೧೯೧೪ರಲ್ಲಿ ಭಾರತಕ್ಕೆ ಬಂದು, ೧೯೧೯ರಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಹಾಗೂ ಪೌರವಿದ್ಯೆಯ ಪ್ರಾಧ್ಯಾಪಕರಾಗಿದ್ದರು. ಇಲ್ಲಿನ ಪಟ್ಟಣಗಳನ್ನು ಕುರಿತ ತಮ್ಮ ವರದಿಗಳಲ್ಲಿ, ಹಳೆಯ ಕೇರಿಯನ್ನು ಸೀಳಿ ನೇರ ರಸ್ತೆ ಹಾಕುವ ಪದ್ಧತಿಯನ್ನು ಅವರು ಖಂಡಿಸಿದರು. ಪಾಳುಬಿದ್ದ ಕೆಲವೇ ಮನೆಗಳನ್ನು ತೆಗೆದು, ಓಣಿಯನ್ನು ಚಿಕ್ಕ ಚೌಕವಾಗಿ ಬಿಡಿಸಿ, ಮರ ನೆಟ್ಟು, ಉಳಿದುದನ್ನು ಉಳಿಸಿಕೊಳ್ಳುವ ಮಿತವಾದ ಶಸ್ತ್ರಚಿಕಿತ್ಸೆ ಅವರದು. ಅದು ಅಗ್ಗವೂ ಹೌದೆಂದು ಅವರು ಲೆಕ್ಕ ಹಾಕಿ ತೋರಿಸಿದರು. ಹಡ್ಸನ್ ಬೀದಿಯ ಲೇಖಕಿಗೆ ಭಾರತದ ಗೆಡ್ಡೀಸ್ ಶತ್ರುವಲ್ಲ, ಪೂರ್ವಾಚಾರ್ಯ.

೪

'ಸ್ವಯಂಪೂರ್ಣ ನೆರೆಹೊರೆ' ಎಂಬ ಮಾತನ್ನು ಇಂದು ಶ್ರೀಮತಿ ಜೇಕಬ್ಸ್‌ರ ಹೆಸರಿನಲ್ಲಿ ಹೇಳುವವರು ಹಲವರು. ಅವರು ಗ್ರಂಥದ ಆರನೆಯ ಅಧ್ಯಾಯವನ್ನು ಮತ್ತೊಮ್ಮೆ ಓದುವುದು ಲೇಸು. ೧೯೨೯ರಲ್ಲಿ ಕ್ಲಾರೆನ್ಸ್ ಪೆರಿ ಎಂಬವರು, ಶಾಲೆಯೊಂದನ್ನು ಕೇಂದ್ರವಾಗಿಟ್ಟುಕೊಂಡು ತನ್ನೊಳಕ್ಕೆ ಮುಖಮಾಡಿದ ಚಿಕ್ಕ ವಸತಿಯನ್ನು ನಗರದ ಘಟಕವೆಂದು ಪ್ರತಿಪಾದಿಸಿದ್ದರು. ಅಂತಹ ಒಳಮುಖದ ಸ್ವಯಂಪೂರ್ಣತೆ ಹಳ್ಳಿಯ ನೆನಪೇ ಹೊರತು ನಗರದ ಗುಣವಲ್ಲವೆಂದು ಆರನೆಯ ಅಧ್ಯಾಯವು ಸಾಧಿಸುತ್ತದೆ. ಇಡೀ ನಗರದಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದಿದ್ದರೆ ನಗರದಲ್ಲಿ ಇರುವುದೇತಕ್ಕೆ?

ಮಾಟುಂಗೆಯು ಈ ಮಾತಿಗೆ ಸಾಕ್ಷಿ ನುಡಿಯುತ್ತದೆ. ಅದನ್ನು ಮೂರು ರೈಲುದಾರಿಗಳು ಮುಟ್ಟುತ್ತವೆ: ಮಧ್ಯಮಾರ್ಗದ ಮಾಟುಂಗಾ, ಪಶ್ಚಿಮಮಾರ್ಗದ ಮಾಟುಂಗಾ ರೋಡ್, ಬಂದರುಮಾರ್ಗದ ಕಿಂಗ್ಸ್ ಸರ್ಕಲ್. ಮನೆಯ ಅಗತ್ಯಗಳಿಗೆ ನಡಿಗೆ, ಅನ್ನದ ಗಳಿಕೆಗೆ ರೈಲು ಎಂಬುದು ಅಲ್ಲಿನ ಜೀವನಸೂತ್ರ. ಅಲ್ಲಿಯವರು ದುಡಿಯಲು ಹೊರಗೆ ಹೋಗುತ್ತಾರೆ. ಹೊರಗಿನವರು ಉಣ್ಣಲು, ಓದಲು, ಹಾಡು ಕೇಳಲು ಒಳಗೆ ಬರುತ್ತಾರೆ. ಈ ಬರುವುದು ಹೋಗುವುದು ನಿಂತರೆ ಹೂವಿನಂಗಡಿ ಒಂದು ತಿಂಗಳೂ ನಿಲ್ಲದು.

ಇನ್ನೂ ಆಳಕ್ಕೆ ಇಳಿದರೆ ಸ್ವಯಂಪೂರ್ಣತೆಯ ಲೆಕ್ಕದಲ್ಲಿ ದೊಡ್ಡ ಬಾಕಿಯೊಂದು ಕಾಣಸಿಗುತ್ತದೆ. ಕರಿಬೇವಿನ ಕಟ್ಟನ್ನು ಹಿಡಿದು ಕುಳಿತವಳು ಮೊದಲ ರೈಲಿನಲ್ಲಿ ದೂರದ ಉಪನಗರದಿಂದ ಬಂದವಳು. ಮನೆಗೆಲಸದವಳಿಗೆ ಆ ಕಟ್ಟಡದಲ್ಲಿ ಮನೆಯಿಲ್ಲ. ಉಡುಪಿ ಹೋಟೆಲುಗಳ ಚರಿತ್ರೆಯನ್ನು ಹೇಳುವಾಗ ಅವುಗಳ ಮಾಲಿಕರ ಸಾಹಸವನ್ನು ಸ್ಮರಿಸುವುದು ವಾಡಿಕೆ. ತುಳುನಾಡಿನಿಂದ ಎಳೆಯ ವಯಸ್ಸಿನಲ್ಲಿಯೇ ಬಂದು, ಹಗಲು ತಟ್ಟೆ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ರಾತ್ರಿ ಹೋಟೆಲಿನ ಮೇಜುಗಳನ್ನೇ ಕೂಡಿಸಿ ಮಲಗಿದ ಹುಡುಗರ ಪಾಲಿಗೆ ಆ ನೆರೆಹೊರೆಯ ನಡಿಗೆಯ ಸುಖ ಎಷ್ಟು ದೊರೆಯಿತು? ಒಬ್ಬರ ಕಾಲುಗಂಟೆಯ ನಡಿಗೆಯು ಇನ್ನೊಬ್ಬರ ಎರಡು ಗಂಟೆಯ ಪ್ರಯಾಣದ ಮೇಲೆ ನಿಂತಿದೆ. ಹದಿನೈದು ನಿಮಿಷದ ನಗರವನ್ನು ಸಾರುವವರು ಈ ಎರಡನೆಯ ಗಡಿಯಾರವನ್ನೂ ನೋಡಬೇಕು.

೫

ಗ್ರಂಥ ಪ್ರಕಟವಾದೊಡನೆ ಬಂದ ವಿಮರ್ಶೆಗಳಲ್ಲಿ ಎರಡು ಪ್ರಸಿದ್ಧವಾಗಿವೆ. ಲೂಯಿಸ್ ಮಮ್‌ಫರ್ಡ್ ೧೯೬೨ರಲ್ಲಿ ಬರೆದ ಲೇಖನವು ಅದರ ಸೂತ್ರಗಳನ್ನು ಮನೆಮದ್ದೆಂದು ಹಾಸ್ಯಮಾಡಿತು. ಹಾಸ್ಯಕ್ಕಿಂತ ಬಲವಾದದ್ದು ಅದೇ ವರ್ಷ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ ಎತ್ತಿದ ಆಕ್ಷೇಪ: ಬೀದಿಯ ಜೀವಕ್ಕೆ ಕಾರಣ ಕಟ್ಟಡದ ವಯಸ್ಸೂ ಸಾಲಿನ ಉದ್ದವೂ ಅಲ್ಲ, ಅಲ್ಲಿ ವಾಸಿಸುವವರ ಸಂಸ್ಕೃತಿ ಮತ್ತು ವರ್ಗ. ಜನರನ್ನು ಬಿಟ್ಟು ಜಾಗಕ್ಕೆ ಮಹತ್ವ ಕೊಡುವುದು ಭ್ರಾಂತಿಯೆಂಬುದು ಅವರ ವಾದ.

ಕನ್ನಡದ ಒಂದು ಶಬ್ದವೇ ಗ್ಯಾನ್ಸರ ಪಕ್ಷವನ್ನು ಹಿಡಿಯುತ್ತದೆ. ನೆರೆಹೊರೆಗೆ ಕನ್ನಡದಲ್ಲಿ ಇರುವ ಹಳೆಯ ಮಾತು 'ಕೇರಿ'. ಅದು ಒಂಟಿಯಾಗಿ ಬರುವುದು ಅಪರೂಪ; ಹಿಂದೊಂದು ಜಾತಿಯ ಹೆಸರನ್ನೋ ಕಸುಬಿನ ಹೆಸರನ್ನೋ ಅಂಟಿಸಿಕೊಂಡೇ ಬರುತ್ತದೆ. 'ಅಗ್ರಹಾರ'ದ ಮಾತನ್ನು ಹೇಳುವುದೇ ಬೇಡ. ಕೇರಿಯೂ ನಡಿಗೆಯ ಅಳತೆಯದೇ, ಸ್ವಯಂಪೂರ್ಣವೇ, ಕಣ್ಣುಗಳ ಕಾವಲುಳ್ಳದ್ದೇ. ಆದರೆ ಆ ಕಣ್ಣುಗಳು ಕಳ್ಳನನ್ನು ಮಾತ್ರ ನೋಡುವುದಿಲ್ಲ. ಯಾರು ಯಾರ ಮನೆಯಲ್ಲಿ ಉಂಡರು, ಯಾವ ಹುಡುಗಿ ಯಾರೊಡನೆ ಮಾತನಾಡಿದಳು, ಹೊಸ ಬಾಡಿಗೆದಾರನ ಅಡುಗೆಮನೆಯಿಂದ ಎಂತಹ ವಾಸನೆ ಬಂದಿತು ಎಂಬುದನ್ನೂ ನೋಡುತ್ತವೆ. ಬಾಡಿಗೆಗೆ ಮನೆ ಕೇಳುವವನ ಹೆಸರಿಗಿಂತ ಮೊದಲು ಆಹಾರವನ್ನು ವಿಚಾರಿಸುವ ಪದ್ಧತಿ ಮುಂಬಯಿಯಿಂದ ಇನ್ನೂ ತೊಲಗಿಲ್ಲ. ಹಡ್ಸನ್ ಬೀದಿಯ ಅಂಗಡಿಯವನು ಬೀಗದಕೈಯನ್ನು ಇಟ್ಟುಕೊಂಡು ಗುಟ್ಟನ್ನು ಕೇಳದಿದ್ದನು. ಕೇರಿಯ ಅಂಗಡಿಯವನಿಗೆ ಬೀಗದಕೈಗಿಂತ ಮೊದಲು ಗುಟ್ಟು ತಿಳಿದಿರುತ್ತದೆ. ಈ ಭೇದವನ್ನು ಗ್ರಂಥವು ಗಮನಿಸಿಲ್ಲ.

ಹಾಗಾದರೆ ಮಾಟುಂಗೆ ಬರಿಯ ಕೇರಿಯೇ? ಅಲ್ಲವೆಂದೇ ಹೇಳಬೇಕು. ತಮಿಳರು, ಕನ್ನಡಿಗರು, ತುಳುವರು, ಮಲಯಾಳಿಗಳು, ಗುಜರಾತಿಗಳು, ಕಚ್ಛಿಗಳು, ಪಕ್ಕದಲ್ಲಿ ಪಾರ್ಸಿಗಳು ಒಂದೇ ಬೀದಿಗಳನ್ನು ಹಂಚಿಕೊಂಡರು. ಊರಿನಲ್ಲಿ ಒಬ್ಬರ ಪಂಕ್ತಿಯಲ್ಲಿ ಒಬ್ಬರು ಕೂಡದವರು ಇಲ್ಲಿ ಹೋಟೆಲಿನ ಒಂದೇ ಮೇಜಿನಲ್ಲಿ ಕುಳಿತರು. ಇಲ್ಲಿ ಬೀದಿಯ ರಚನೆಗೂ ಒಂದು ಪಾಲಿದೆ; ಗ್ಯಾನ್ಸರು ಅದನ್ನು ಪೂರ್ತಿಯಾಗಿ ಅಲ್ಲಗಳೆಯಲಾರರು. ಸತ್ಯವು ಇವರಿಬ್ಬರ ನಡುವೆ ಇದೆ: ಬೀದಿ ಅವಕಾಶವನ್ನು ಕೊಡುತ್ತದೆ, ಬಾಗಿಲು ತೆರೆಯುವುದು ಮನುಷ್ಯರ ಕೈಯಲ್ಲಿದೆ.

೬

ಗ್ರಂಥದಲ್ಲಿ ಅತ್ಯಂತ ಕಡಮೆ ಚರ್ಚೆಗೆ ಬಂದಿರುವ, ಆದರೆ ಇಂದಿನ ಮುಂಬಯಿಗೆ ಅತ್ಯಂತ ಪ್ರಸ್ತುತವಾದ ಅಧ್ಯಾಯವು ಹಣವನ್ನು ಕುರಿತದ್ದು. ನಗರಕ್ಕೆ ಹರಿಯುವ ಹಣವನ್ನು ಶ್ರೀಮತಿ ಜೇಕಬ್ಸ್ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಂದು, ಮೆಲ್ಲಮೆಲ್ಲನೆ ಬರುವುದು. ಇನ್ನೊಂದು, ಪ್ರಳಯದಂತೆ ಬರುವುದು. ಬಾಸ್ಟನ್ನಿನ ನಾರ್ತ್ ಎಂಡ್ ಭಾಗಕ್ಕೆ ಬ್ಯಾಂಕುಗಳು ಕೊಳೆಗೇರಿಯೆಂದು ಸಾಲ ನಿರಾಕರಿಸಿದವು. ಅಲ್ಲಿಯವರು ತಮ್ಮ ಉಳಿತಾಯದಿಂದ, ಒಬ್ಬರ ಕಸುಬನ್ನು ಇನ್ನೊಬ್ಬರಿಗೆ ವಿನಿಮಯ ಮಾಡಿಕೊಂಡು ಮನೆಗಳನ್ನು ದುರಸ್ತಿಮಾಡಿಕೊಂಡರು. ಸಾಲವಿಲ್ಲದೆ ಕೇರಿ ಒಣಗುತ್ತದೆ. ಒಮ್ಮೆಗೇ ನುಗ್ಗಿದ ಹಣದಿಂದ ಕೊಚ್ಚಿಹೋಗುತ್ತದೆ.

ಮಾಟುಂಗೆಯ ಕಥೆಗೆ ಇದೇ ಭಾಷ್ಯ. ೧೯೪೭ರ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು ೧೯೪೦ರ ಮಟ್ಟಕ್ಕೆ ಕಟ್ಟಿಹಾಕಿತು. ಗುಮಾಸ್ತನ ಸಂಸಾರವೂ ಚಿಕ್ಕ ಅಂಗಡಿಯೂ ಅಲ್ಲಿಯೇ ಉಳಿದದ್ದು ಈ ಕಾಯಿದೆಯ ನೆರಳಿನಲ್ಲಿ. ಆದರೆ ಹತ್ತಾರು ರೂಪಾಯಿ ಬಾಡಿಗೆ ಬರುವ ಕಟ್ಟಡಕ್ಕೆ ಮಾಲಿಕನು ಸುಣ್ಣವನ್ನೂ ಬಳಿಸಲಿಲ್ಲ. ಹೊಸದಾಗಿ ಬರುವವನು ಪಗಡಿಯ ದೊಡ್ಡ ಮೊತ್ತ ತೆರಬೇಕಾಯಿತು. ದುರಸ್ತಿಗೆಂದು ತೆರಿಗೆ ಎತ್ತಿ ಮಂಡಲಿಯೊಂದನ್ನು ಸ್ಥಾಪಿಸುವ ಕಾಯಿದೆ ೧೯೬೯ರಲ್ಲಿ ಬಂದಿತು; ಅದೂ ಸಾಲದಾಯಿತು. ಮೆಲ್ಲನೆ ಬರಬೇಕಾದ ಹಣ ಅರ್ಧ ಶತಮಾನ ಬರಲೇ ಇಲ್ಲ. ಈಗ ಪುನರ್ನಿರ್ಮಾಣದ ಹೆಸರಿನಲ್ಲಿ ಪ್ರಳಯದ ಹಣ ಬಂದಿದೆ. ಮೂರಂತಸ್ತಿನ ಕಟ್ಟಡದ ಸ್ಥಾನದಲ್ಲಿ ಗೋಪುರ ಏಳುತ್ತದೆ. ಹಳೆಯ ನಿವಾಸಿಗೆ ಹೊಸ ಮನೆ ದೊರೆಯುತ್ತದೆ ನಿಜ. ಸೋರುವ ಸೂರಿನಡಿಯಲ್ಲಿ ಮಳೆಗಾಲಗಳನ್ನು ಕಳೆದವರಿಗೆ ಅದು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಗೋಪುರದ ತಳದ ಅಂತಸ್ತುಗಳು ಕಾರುಗಳಿಗೆ ಮೀಸಲು. ಬೀದಿಯನ್ನು ನೋಡುತ್ತಿದ್ದ ಕಿಟಕಿ ಹತ್ತು ಮಾಳಿಗೆ ಮೇಲಕ್ಕೆ ಹೋಗುತ್ತದೆ. ಕಾಫಿ ಹುರಿಯುತ್ತಿದ್ದವನು ಹೊಸ ಮಳಿಗೆಯ ನಿರ್ವಹಣಾ ವೆಚ್ಚವನ್ನು ತೆರಲಾರದೆ ಹೋಗುತ್ತಾನೆ.

ಮೆಲ್ಲನೆಯ ಹಣವೆಂಬುದು ಕನಸೇನೂ ಅಲ್ಲ; ಅದಕ್ಕೆ ಕರಾವಳಿಯಿಂದ ಬಂದವರ ಚರಿತ್ರೆಯಲ್ಲಿಯೇ ದೃಷ್ಟಾಂತವಿದೆ. ಮುಂಬಯಿಯ ಕೆನರಾ ಸಾರಸ್ವತರು ೧೯೦೬ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಸಂಘವನ್ನು ಕಟ್ಟಿದರು. ೧೯೧೫ರಲ್ಲಿ ರಾವಬಹದ್ದೂರ್ ತಾಲ್ಮಕಿಯವರ ನೇತೃತ್ವದಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಚಿಕ್ಕ ಠೇವಣಿಗಳು ಕೂಡಿ ಮನೆಯಾದವು. ನಿವಾಸಿಗಳೇ ಒಟ್ಟಾಗಿ ಮಾಲಿಕರಾದರು. ಲಾಭಕ್ಕಾಗಿ ಕೆಡಹುವವನೂ ಇಲ್ಲ, ನಷ್ಟವೆಂದು ದುರಸ್ತಿ ಬಿಡುವವನೂ ಇಲ್ಲ. ಆ ಸಹಕಾರ ಒಂದೇ ಸಮಾಜದ ಮೇರೆಯೊಳಗೆ ನಿಂತಿತೆಂಬುದು ಅದರ ಮಿತಿ. ಕೇರಿಯ ದೋಷ ಇಲ್ಲಿಯೂ ತಲೆಹಾಕಿದೆ. ಆ ಮೇರೆಯನ್ನು ದಾಟಿದ ಸಹಕಾರವೊಂದೇ ಶ್ರೀಮತಿ ಜೇಕಬ್ಸ್‌ರ ಹಣದ ಅಧ್ಯಾಯಕ್ಕೆ ಈ ನೆಲದ ಉತ್ತರವಾಗಬಲ್ಲದು. ಮಾಟುಂಗೆಯ ಮೇಲುಸೇತುವೆಯ ಅಡಿಯಲ್ಲಿ, ಕಾರುಗಳ ಮತ್ತು ಜೂಜುಕೋರರ ತಾಣವಾಗಲಿದ್ದ ನೆಲವನ್ನು ನಿವಾಸಿಗಳು ಕಾದು, ನಗರಸಭೆಯಿಂದ ೨೦೧೬ರಲ್ಲಿ ನಡಿಗೆಯ ಉದ್ಯಾನವಾಗಿ ಪಡೆದುಕೊಂಡ ಪ್ರಸಂಗವು, ಅಂತಹ ಮೇರೆಮೀರಿದ ಕೂಟವು ಅಸಾಧ್ಯವಲ್ಲವೆಂಬುದಕ್ಕೆ ಸಾಕಾದ ನಿದರ್ಶನ.

೭

ಒಟ್ಟಿನ ಮೇಲೆ ಈ ಗ್ರಂಥದ ಬೆಲೆಯನ್ನು ಹೀಗೆ ಕಟ್ಟಬಹುದು. ಬೀದಿಯನ್ನು ನೋಡುವ ಕಣ್ಣನ್ನು ಅದು ಬದಲಿಸಿತು. ಈ ಸಾಧನೆ ಶಾಶ್ವತವಾದದ್ದು. ನೋಡುವ ಕಣ್ಣು ಯಾರದು, ಅದು ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆಯನ್ನು ಅದು ಸಾಕಷ್ಟು ಕೇಳಲಿಲ್ಲ. ಜಾತಿಯನ್ನು ಬಲ್ಲ ದೇಶದ ವಾಚಕರು ಅದನ್ನು ಕೇಳಿಕೊಂಡೇ ಓದಬೇಕು. ಬೀದಿಯ ಬಾಳು ಬಾಡಿಗೆಯ ಮೇಲೆ ನಿಂತಿದೆಯೆಂಬ ಅದರ ಒಳನೋಟವನ್ನು ಮುಂದಿನ ಅನುಯಾಯಿಗಳು ಮರೆತು, ಅಂಗಡಿಯ ಮುಂದಿನ ಹೂಕುಂಡವನ್ನು ಮಾತ್ರ ನೆನಪಿಟ್ಟುಕೊಂಡದ್ದು ಗ್ರಂಥದ ತಪ್ಪಲ್ಲ.

ಹೊರನಾಡ ಕನ್ನಡಕ್ಕೂ ಇದರಲ್ಲಿ ಒಂದು ಪಾಠವಿದೆ. ಪರಭಾಷೆಯ ನಗರದಲ್ಲಿ ಕನ್ನಡವು ಉಳಿದು ಬಂದದ್ದು ವರ್ಷಕ್ಕೊಮ್ಮೆಯ ಉತ್ಸವದಿಂದಲ್ಲ; ಮನೆಯಿಂದ ಭವನಕ್ಕೆ, ಭವನದಿಂದ ಹೋಟೆಲಿಗೆ, ಹೋಟೆಲಿನಿಂದ ರಾತ್ರಿಶಾಲೆಗೆ ನಡೆದುಹೋಗುವಷ್ಟು ಸಮೀಪವಿದ್ದುದರಿಂದ. ಮಗುವಿನ ಕಿವಿಗೆ ಅಂಗಡಿಯ ಕಟ್ಟೆಯಲ್ಲಿಯೇ ಕನ್ನಡ ಬಿದ್ದಿತು. ಆ ಮಗುವಿನ ಮಕ್ಕಳು ಇಂದು ಡೊಂಬಿವಲಿಯಲ್ಲಿ, ಮೀರಾ ರೋಡಿನಲ್ಲಿ, ನವಿ ಮುಂಬಯಿಯಲ್ಲಿ ಇದ್ದಾರೆ. ಮಾಟುಂಗೆಯ ಭವನದ ಉಪನ್ಯಾಸಕ್ಕೆ ಅವರು ಎರಡು ರೈಲು ಹಿಡಿದು ಬರಬೇಕು. ಅವರು ಬರಲಿಲ್ಲವೆಂದು ಕೊರಗುವುದರಿಂದ ಪ್ರಯೋಜನವಿಲ್ಲ. ಅವರು ಇರುವಲ್ಲಿ, ಅವರ ನಡಿಗೆಯ ಅಳತೆಯೊಳಗೆ ಒಂದು ಕೋಣೆ, ಒಂದು ಕಪಾಟು ಪುಸ್ತಕ, ವಾರಕ್ಕೊಂದು ಸಂಜೆಯನ್ನು ಒದಗಿಸುವುದು ಸಂಘಗಳ ಮುಂದಿರುವ ಕೆಲಸ. ಅದರ ಬಾಗಿಲಲ್ಲಿ ಯಾವ ಕೇರಿಯಿಂದ ಬಂದಿರೆಂದು ಕೇಳುವ ಕಣ್ಣು ಮಾತ್ರ ಇರಬಾರದು.